ಜಿಮ್ ರೀವ್ಸ್: ಕ್ರಿಸ್ಮಸ್ ಮನೆಗಳ ಮೆಲುದನಿ

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ನಕ್ಷತ್ರ ತೂಗುತ್ತದೆ, ಗೋದಲಿಗೆ ಹುಲ್ಲು ತರಲಾಗುತ್ತದೆ, ಅಡುಗೆಮನೆಯಲ್ಲಿ ಕುಸ್ವಾರಿನ ಪರಿಮಳ ಏಳುತ್ತದೆ. ಅದರ ಜೊತೆಗೆ ಎಲ್ಲೋ ಒಂದು ಕೋಣೆಯಿಂದ ತುಂಬ ಮೃದುವಾದ, ಆಳವಾದ, ಅವಸರವೇ ಇಲ್ಲದ ಗಂಡುದನಿಯೊಂದು ಇಂಗ್ಲಿಷ್ ಕ್ರಿಸ್ಮಸ್ ಗೀತೆಗಳನ್ನು ಹಾಡುತ್ತಿರುತ್ತದೆ. ದನಿ ಯಾರದೆಂದು ಹಿರಿಯರನ್ನು ಕೇಳಿದರೆ ಕೂಡಲೇ ಹೇಳುತ್ತಾರೆ: ಜಿಮ್ ರೀವ್ಸ್. ಅವರು ಯಾರು, ಎಲ್ಲಿಯವರು, ಏನಾದರು ಎಂದು ಮುಂದಕ್ಕೆ ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ. ವಿಮಾನ ಅಪಘಾತದಲ್ಲಿ ತೀರಿಕೊಂಡರಂತೆ ಎಂಬಷ್ಟೇ ನೆನಪು. ಇಷ್ಟು ವರ್ಷ ನಮ್ಮ ಮನೆಯೊಳಗೇ ಇದ್ದ ಅತಿಥಿಯೊಬ್ಬರ ಪರಿಚಯವನ್ನು ತುಸು ವಿವರವಾಗಿ ಮಾಡಿಕೊಳ್ಳೋಣ ಎಂಬ ಉದ್ದೇಶದಿಂದ ಈ ಬರಹ.

ಜೇಮ್ಸ್ ಟ್ರಾವಿಸ್ ರೀವ್ಸ್ ಹುಟ್ಟಿದ್ದು 1923ರ ಆಗಸ್ಟ್ 20ರಂದು, ಅಮೆರಿಕದ ಟೆಕ್ಸಸ್ ರಾಜ್ಯದ ಪೂರ್ವ ಭಾಗದ ಗ್ಯಾಲೊವೇ ಎಂಬ ಹಳ್ಳಿಯಲ್ಲಿ. ಹತ್ತಿರದ ಪೇಟೆ ಕಾರ್ತೇಜ್. ದೊಡ್ಡ ಸಂಸಾರದ ಕಿರಿಯ ಮಗ ಅವರು. ಹುಟ್ಟಿ ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಬ್ಯೂಲಾ ಹೊಲಗೆಲಸ ಮಾಡಿ ಮಕ್ಕಳನ್ನು ಸಾಕಿದರು. ಮುಂದೆ ರೀವ್ಸ್ ಸೂಟು ಬೂಟು ತೊಟ್ಟು, ಕೂದಲು ನುಣ್ಣಗೆ ಬಾಚಿ, ನಗರದ ದೊಡ್ಡ ಸಭಾಂಗಣಗಳಲ್ಲಿ ಹಾಡುವಾಗ ಅವರನ್ನು ಹುಟ್ಟು ಶ್ರೀಮಂತರೆಂದು ಭಾವಿಸಿದವರು ಬಹಳ. ಆದರೆ ಬಡತನದ ಬೇಸಾಯದ ಮನೆಯ ಹುಡುಗ ಅವರು. ಆ ಹುಡುಗನಿಗೆ ಸಂಗೀತ ಸಿಕ್ಕಿದ್ದೂ ಬಡವರ ದಾರಿಯಲ್ಲೇ: ಕೈಗೆ ಬಂದ ಒಂದು ಹಳೆಯ ಗಿಟಾರ್ ಮತ್ತು ಮನೆಯ ಗ್ರಾಮಫೋನಿನಲ್ಲಿ ತಿರುಗುತ್ತಿದ್ದ ಜಿಮ್ಮಿ ರಾಜರ್ಸ್ ಅವರ ತಟ್ಟೆಗಳು.

ಈ ಜಿಮ್ಮಿ ರಾಜರ್ಸ್ ಯಾರೆಂದು ಇಲ್ಲಿ ಹೇಳಲೇಬೇಕು. ಮಿಸಿಸಿಪ್ಪಿ ರಾಜ್ಯದ ಮೆರಿಡಿಯನ್ ಪಟ್ಟಣದ ರೈಲ್ವೆ ನೌಕರ ಅವರು. ಗೂಡ್ಸ್ ಗಾಡಿಗಳಲ್ಲಿ ಬ್ರೇಕ್ ನೋಡಿಕೊಳ್ಳುವ ಕೆಲಸ. ಹಳಿ ಹಾಕುತ್ತಿದ್ದ ಕರಿಯ ಕೂಲಿಗಳಿಗೆ ನೀರು ಹೊರುತ್ತಿದ್ದ ಬಾಲ್ಯದಲ್ಲೇ ಅವರ ದುಡಿಮೆಯ ಹಾಡುಗಳನ್ನು ಕಲಿತಿದ್ದರು. 1924ರಲ್ಲಿ ಕ್ಷಯರೋಗ ಇದೆಯೆಂದು ತಿಳಿಯಿತು, ರೈಲ್ವೆ ಕೆಲಸ ಮುಂದುವರಿಸಲಾಗಲಿಲ್ಲ, ಹಾಡುವುದನ್ನೇ ಜೀವನೋಪಾಯ ಮಾಡಿಕೊಂಡರು. 1927ರ ಆಗಸ್ಟಿನಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ವಿಕ್ಟರ್ ಕಂಪನಿಗೆ ಮೊದಲ ಹಾಡು ಮುದ್ರಿಸಿದರು. ಆರೇ ವರ್ಷದಲ್ಲಿ, 1933ರ ಮೇ 26ರಂದು, 35ರ ವಯಸ್ಸಿನಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೊನೆಯುಸಿರೆಳೆದರು. ಅದಕ್ಕೆ ಎರಡು ದಿನ ಹಿಂದಿನವರೆಗೂ ಅವರು ಸ್ಟುಡಿಯೋದಲ್ಲಿ ಹಾಡುತ್ತಿದ್ದರು. ಒಂದು ಹಾಡಿನಿಂದ ಇನ್ನೊಂದಕ್ಕೆ ನಡುವೆ ಮಂಚದ ಮೇಲೆ ಮಲಗಿ ಸುಧಾರಿಸಿಕೊಳ್ಳುತ್ತಿದ್ದರು. ಅಮೆರಿಕದ ಹಳ್ಳಿಗಾಡಿನ ಸಂಗೀತಕ್ಕೆ, ಅಂದರೆ ಕಂಟ್ರಿ ಸಂಗೀತಕ್ಕೆ, ಅವರನ್ನು ಪಿತಾಮಹರೆಂದೇ ಕರೆಯುತ್ತಾರೆ. ಅವರು ಸತ್ತಾಗ ಪೂರ್ವ ಟೆಕ್ಸಸಿನ ಆ ತಂದೆಯಿಲ್ಲದ ಹುಡುಗನಿಗೆ ಒಂಬತ್ತು ವರ್ಷ. ಅವನ ಮೊದಲ ಗುರು ಒಂದು ಕಪ್ಪು ತಟ್ಟೆ ಎಂದರೆ ತಪ್ಪಾಗದು.

ಆದರೂ ರೀವ್ಸ್ ಅವರ ಮೊದಲ ಕನಸು ಹಾಡುಗಾರಿಕೆಯಾಗಿರಲಿಲ್ಲ. ಅವರು ಒಳ್ಳೆಯ ಬೇಸ್‌ಬಾಲ್ ಆಟಗಾರ, ಚೆಂಡೆಸೆಯುವ ಪಿಚರ್. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿವೇತನದ ಮೇಲೆ ಸೇರಿದರು, ಮಾತುಗಾರಿಕೆ ಮತ್ತು ನಾಟಕ ಅವರ ವಿಷಯ. ಆದರೆ ಕೆಲವೇ ವಾರಗಳಲ್ಲಿ ಓದು ಬಿಟ್ಟು ಹ್ಯೂಸ್ಟನ್‌ನ ಹಡಗು ಕಟ್ಟುವ ಕಾರ್ಖಾನೆಗೆ ಕೆಲಸಕ್ಕೆ ಹೋದರು. ಆ ಮೇಲೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದವರು ತಮ್ಮ ಕೆಳಹಂತದ ತಂಡಗಳಿಗೆ ಅವರನ್ನು ತೆಗೆದುಕೊಂಡರು. ಮೂರು ವರ್ಷ ಆಡಿದರು. 1947ರ ಸುಮಾರಿಗೆ ಚೆಂಡೆಸೆಯುವಾಗ ಕಾಲಿನ ನರಕ್ಕೆ ಬಿದ್ದ ಪೆಟ್ಟು ಆಟವನ್ನು ಅಲ್ಲಿಗೇ ನಿಲ್ಲಿಸಿತು.

ಅದೇ 1947ರ ಸೆಪ್ಟೆಂಬರಿನಲ್ಲಿ ಮೇರಿ ವೈಟ್ ಎಂಬವರನ್ನು ಮದುವೆಯಾದರು. ಕೈಯಲ್ಲಿ ಕೆಲಸವಿಲ್ಲ, ಆಟವಿಲ್ಲ. ಉಳಿದದ್ದು ಒಂದೇ, ದನಿ. ಆ ದನಿಯನ್ನೂ ಅವರು ಮೊದಲು ಉಪಯೋಗಿಸಿದ್ದು ಹಾಡಲು ಅಲ್ಲ, ಮಾತಾಡಲು. ಹೆಂಡರ್ಸನ್ ಎಂಬ ಪಟ್ಟಣದ ರೇಡಿಯೋ ಕೇಂದ್ರದಲ್ಲಿ ಉದ್ಘೋಷಕರಾದರು. ಸುದ್ದಿ, ಜಾಹೀರಾತು, ಆಟದ ವಿವರಣೆ ಎಲ್ಲವನ್ನೂ ಓದಿದರು. 1949ರಲ್ಲಿ ಹ್ಯೂಸ್ಟನ್‌ನ ಸಣ್ಣ ಕಂಪನಿಯೊಂದಕ್ಕೆ ಕೆಲವು ಹಾಡುಗಳನ್ನು ಹಾಡಿದರೂ ಯಾರೂ ಕಿವಿಗೊಡಲಿಲ್ಲ. ಆದರೆ ರೇಡಿಯೋದ ಈ ವರ್ಷಗಳು ವ್ಯರ್ಥವಾಗಲಿಲ್ಲ. ಮೈಕ್ರೋಫೋನಿನ ಮುಂದೆ ಕುಳಿತವನು ಸಾವಿರಾರು ಜನರಿಗೆ ಭಾಷಣ ಮಾಡುವುದಿಲ್ಲ, ಒಂದು ಮನೆಯಲ್ಲಿ ಒಬ್ಬಂಟಿಯಾಗಿ ಕುಳಿತ ಒಬ್ಬರೊಡನೆ ಮಾತಾಡುತ್ತಾನೆ ಎಂಬ ಗುಟ್ಟು ಅವರಿಗೆ ಅಲ್ಲಿ ತಿಳಿದಿರಬೇಕೆಂದು ನಮ್ಮ ಊಹೆ.

1952ರ ಕೊನೆಗೆ ಲೂಸಿಯಾನ ರಾಜ್ಯದ ಶ್ರೀವ್‌ಪೋರ್ಟ್‌ನ ದೊಡ್ಡ ರೇಡಿಯೋ ಕೇಂದ್ರಕ್ಕೆ ಬಂದರು. ಅಲ್ಲಿ ಶನಿವಾರ ರಾತ್ರಿಗಳಲ್ಲಿ 'ಲೂಸಿಯಾನ ಹೇರೈಡ್' ಎಂಬ ಪ್ರಸಿದ್ಧ ಸಂಗೀತ ಕಾರ್ಯಕ್ರಮ ನಡೆಯುತ್ತಿತ್ತು. ರೀವ್ಸ್ ಅದರ ಉದ್ಘೋಷಕ. ಒಂದು ರಾತ್ರಿ ಹಾಡಬೇಕಾಗಿದ್ದ ಗಾಯಕರು ಬರಲಿಲ್ಲ. ಪರದೆಯ ಪಕ್ಕದಲ್ಲಿ ನಿಂತಿದ್ದ ಉದ್ಘೋಷಕರನ್ನೇ ಹಾಡಲು ಹೇಳಿದರು. ಬಾರದ ಗಾಯಕ ಯಾರು ಎಂಬ ಬಗ್ಗೆ ಬೇರೆ ಬೇರೆ ಕಥೆಗಳಿವೆ. ಅಂತೂ ಬಂದ ಅವಕಾಶವನ್ನು ರೀವ್ಸ್ ಬಿಡಲಿಲ್ಲ. 1953ರಲ್ಲಿ 'ಮೆಕ್ಸಿಕನ್ ಜೋ' ಎಂಬ ಕುಣಿತದ ಹಾಡು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ 'ಬಿಂಬೊ' ಕೂಡ. 1955ರಲ್ಲಿ ಆರ್‌ಸಿಎ ವಿಕ್ಟರ್ ಎಂಬ ದೊಡ್ಡ ಕಂಪನಿಯೂ, ನ್ಯಾಶ್‌ವಿಲ್‌ನ 'ಗ್ರ್ಯಾಂಡ್ ಓಲ್ ಆಪ್ರಿ' ವೇದಿಕೆಯೂ ಅವರನ್ನು ಬರಮಾಡಿಕೊಂಡವು.

ಈ ಮೊದಲ ಹಾಡುಗಳನ್ನು ಇಂದು ಕೇಳಿದರೆ ನಮ್ಮ ಓದುಗರಿಗೆ ಇದು ಅದೇ ಜಿಮ್ ರೀವ್ಸ್ ಹೌದೇ ಎಂಬ ಸಂಶಯ ಬಂದೀತು. ಎತ್ತರದ ಸ್ವರ, ಗಟ್ಟಿ ಕೂಗು, ಪಿಟೀಲಿನ ಗಲಾಟೆ. ಆ ಕಾಲದ ಹಳ್ಳಿಗಾಡಿನ ಗಾಯಕರೆಲ್ಲರೂ ಹಾಗೆಯೇ ಹಾಡುತ್ತಿದ್ದರು, ಏಕೆಂದರೆ ಮೈಕಿಲ್ಲದ ಸಂತೆ ಜಾತ್ರೆಗಳಲ್ಲಿ, ಕುಣಿಯುವ ಜನರ ನಡುವೆ ಕೇಳಿಸಬೇಕಾದರೆ ಬೇರೆ ದಾರಿ ಇರಲಿಲ್ಲ. ಮೈಕ್ ಬಂದ ಮೇಲೂ ಕೂಗುವ ಅಭ್ಯಾಸ ಹೋಗಲಿಲ್ಲ. (ನಮ್ಮ ಧರ್ಮಕೇಂದ್ರಗಳ ಕೆಲವು ಗಾಯನ ಮಂಡಳಿಗಳಲ್ಲಿ ಇಂದಿಗೂ ಹೋಗಿಲ್ಲ ಎಂಬುದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇವೆ.)

ತಿರುವು ಬಂದದ್ದು 1957ರಲ್ಲಿ, 'ಫೋರ್ ವಾಲ್ಸ್' ಎಂಬ ಹಾಡಿನಿಂದ. ಒಂಟಿತನದ ಹಾಡು ಅದು. ನಾಲ್ಕು ಗೋಡೆಗಳ ನಡುವೆ ಕಾಯುತ್ತಿರುವ ಒಬ್ಬರ ಹಾಡು. ಧ್ವನಿಮುದ್ರಣದ ಹೊಣೆ ಹೊತ್ತಿದ್ದ, ಸ್ವತಃ ದೊಡ್ಡ ಗಿಟಾರ್ ವಾದಕರಾಗಿದ್ದ ಚೆಟ್ ಆಟ್ಕಿನ್ಸ್ ಅವರಿಗೆ ಇದು ಹೆಣ್ಣುಮಕ್ಕಳು ಹಾಡಬೇಕಾದ ಹಾಡೆಂದು ತೋರಿತ್ತಂತೆ. ರೀವ್ಸ್ ಹಟ ಹಿಡಿದರು. ಹಾಡುವಾಗ ದನಿಯನ್ನು ಕೆಳಕ್ಕಿಳಿಸಿ, ತುಟಿ ಮೈಕಿಗೆ ತಾಗುವಷ್ಟು ಹತ್ತಿರ ಬಂದು, ಕಿವಿಯಲ್ಲಿ ಮಾತಾಡುವ ಹಾಗೆ ಹಾಡಿದರು. ಹಿಂದೆ ನಾಲ್ಕಾರು ಗಂಡುದನಿಗಳ ಮೆಲುಗಾನ, ಪಿಟೀಲಿನ ಗಲಾಟೆ ಇಲ್ಲ. ಹಾಡು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಷ್ಟೇ ಅಲ್ಲ, ಹಳ್ಳಿ ಹಾಡೆಂದರೆ ಮೂಗು ಮುರಿಯುತ್ತಿದ್ದ ನಗರದವರೂ ಕೊಂಡುಕೊಂಡರು. ನ್ಯಾಶ್‌ವಿಲ್ ಸಂಗೀತದ ಹೊಸ ರೀತಿಯೊಂದು ಹುಟ್ಟಿದ್ದರಲ್ಲಿ ಈ ಹಾಡಿನ ಪಾಲು ದೊಡ್ಡದು. ಹಳೆಯ ರೀತಿಯ ಅಭಿಮಾನಿಗಳು ಮಾತ್ರ ಹಳ್ಳಿಯ ಮಣ್ಣಿನ ವಾಸನೆಯನ್ನು ಸಾಬೂನಿನಿಂದ ತೊಳೆದರೆಂದು ದೂರಿದರು. ದೂರಿನಲ್ಲಿ ಸ್ವಲ್ಪ ಸತ್ಯವಿಲ್ಲದೆ ಇಲ್ಲ. ಆದರೆ ಆ ತೊಳೆದ ದನಿಯೇ ಸಮುದ್ರ ದಾಟಿ ನಮ್ಮಲ್ಲಿಗೆ ಬಂದದ್ದು.

ಎರಡು ವರ್ಷಗಳ ಬಳಿಕ, 1959ರ ಅಕ್ಟೋಬರಿನಲ್ಲಿ, ಅವರ ಅತ್ಯಂತ ಪ್ರಸಿದ್ಧ ಹಾಡು 'ಹೀಲ್ ಹ್ಯಾವ್ ಟು ಗೋ' ಮುದ್ರಣವಾಯಿತು. ಜೋ ಮತ್ತು ಆಡ್ರಿ ಆಲಿಸನ್ ದಂಪತಿ ಬರೆದ ಹಾಡು. ಆಡ್ರಿಯವರು ದೂರವಾಣಿಯಲ್ಲಿ ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ, ಗಂಡ ಪ್ರತಿಸಲವೂ ಬಾಯನ್ನು ಫೋನಿಗೆ ಹತ್ತಿರ ಹಿಡಿಯಲು ಹೇಳಬೇಕಾಗುತ್ತಿತ್ತಂತೆ. ಹಾಡು ಹುಟ್ಟಿದ್ದು ಆ ಮನೆಮಾತಿನಿಂದ. ಇದನ್ನು ಮೊದಲು ಹಾಡಿದ್ದು ಬೇರೊಬ್ಬ ಗಾಯಕ. ಅದು ಜನರನ್ನು ತಲಪಲಿಲ್ಲ. ರೀವ್ಸ್ ಹಾಡಿದಾಗಲೂ ಕಂಪನಿಯವರು ತಟ್ಟೆಯ ಹಿಂಬದಿಗೆ ಹಾಕಿದರು, ಮುಂಬದಿಯಲ್ಲಿ ಬೇರೆ ಹಾಡು. ರೇಡಿಯೋದವರು ತಟ್ಟೆಯನ್ನು ಮಗುಚಿ ಹಾಕಿದರು. 1960ರಲ್ಲಿ 14 ವಾರ ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನದಲ್ಲಿ ನಿಂತಿತು, ಸಾಮಾನ್ಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯದಾಯಿತು. ಫ್ಲಾಯ್ಡ್ ಕ್ರೇಮರ್ ಅವರ ಪಿಯಾನೋ, ಅನಿತಾ ಕೆರ್ ಬಳಗದ ಹಿನ್ನೆಲೆ ಗಾಯನ, ನಡುವೆ ಗಾಳಿ ಬೀಸಲು ಜಾಗವಿರುವಷ್ಟು ಖಾಲಿ. ನಮ್ಮ ಮದುವೆ ಮಂಟಪಗಳಲ್ಲಿ ಬ್ಯಾಂಡಿನವರು ಇದನ್ನು ನುಡಿಸುವಾಗ ಆ ಖಾಲಿ ಜಾಗವನ್ನೆಲ್ಲ ತುಂಬಿಬಿಡುತ್ತಾರೆ, ಅದೊಂದು ಬೇಸರ.

ಇನ್ನು ಅವರ ಭಕ್ತಿಗೀತೆಗಳ ವಿಚಾರ. ರೀವ್ಸ್ ಕಥೋಲಿಕರಾಗಿರಲಿಲ್ಲ. ಅವರು ಬೆಳೆದ ಪೂರ್ವ ಟೆಕ್ಸಸ್ ಪ್ರೊಟೆಸ್ಟೆಂಟ್ ಹಳ್ಳಿ ಚರ್ಚುಗಳ ನಾಡು. ಅಲ್ಲಿ ವಾದ್ಯ ಇರಲಿ ಇಲ್ಲದಿರಲಿ, ಇಡೀ ಸಭೆ ಕೂಡಿ ಹಾಡುವುದು ವಾಡಿಕೆ. ಆ ಹಾಡುಗಳನ್ನು ಅವರು 1958ರ 'ಗಾಡ್ ಬಿ ವಿತ್ ಯು' ಮತ್ತು 1962ರ 'ವಿ ಥ್ಯಾಂಕ್ ದಿ' ಎಂಬ ಸಂಗ್ರಹಗಳಲ್ಲಿ ಹಾಡಿದರು. ಈ ಲೋಕ ನಮ್ಮ ಶಾಶ್ವತ ಮನೆಯಲ್ಲ ಎಂಬ ಅರ್ಥದ ಹಳೆಯ ಹಾಡೊಂದನ್ನು ನಮ್ಮಲ್ಲಿ ಅನೇಕರು ಕಲಿತದ್ದು ಪ್ರಾರ್ಥನಾ ಪುಸ್ತಕದಿಂದ ಅಲ್ಲ, ರೀವ್ಸ್ ದನಿಯಿಂದ. ಅವರ ಭಕ್ತಿಗೀತೆಗಳಲ್ಲಿ ಅಬ್ಬರವಿಲ್ಲ, ಕಣ್ಣೀರಿಲ್ಲ. ದಿನದ ಕೆಲಸ ಮುಗಿಸಿ ಜಗಲಿಯಲ್ಲಿ ಕುಳಿತ ಮನುಷ್ಯ ತನ್ನಷ್ಟಕ್ಕೇ ಹಾಡಿಕೊಂಡಂತೆ ಇದೆ.

1963ರಲ್ಲಿ ಬಂದದ್ದು 'ಟ್ವೆಲ್ವ್ ಸಾಂಗ್ಸ್ ಆಫ್ ಕ್ರಿಸ್ಮಸ್'. ನಾವು ಇಷ್ಟು ವರ್ಷ ಕೇಳುತ್ತಿರುವುದು ಇದನ್ನೇ. ಹನ್ನೆರಡು ಹಾಡುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬೆರಗಾಗುತ್ತದೆ. 'ಸೈಲೆಂಟ್ ನೈಟ್' ಆಸ್ಟ್ರಿಯಾದ ನಮ್ಮ ಕಥೋಲಿಕ ಗುರು ಜೋಸೆಫ್ ಮೋರ್ ಬರೆದದ್ದು, 1818ರ ಕ್ರಿಸ್ಮಸ್ ಸಂಜೆ ಓಬರ್ನ್‌ಡಾರ್ಫ್ ಹಳ್ಳಿಯ ಚರ್ಚಿನಲ್ಲಿ ಗಿಟಾರ್ ಜೊತೆ ಮೊದಲು ಹಾಡಿದ್ದು. 'ಓ ಕಮ್ ಆಲ್ ಯೀ ಫೇತ್‌ಫುಲ್' ಹಳೆಯ ಲತೀನ್ ಗೀತೆ 'ಅದೆಸ್ತೆ ಫಿದೇಲೆಸ್'ನ ಇಂಗ್ಲಿಷ್ ರೂಪ. ಬೆತ್ಲೆಹೇಮಿನ ಪುಟ್ಟ ಊರಿನ ಹಾಡನ್ನು 1868ರಲ್ಲಿ ಬರೆದವರು ಅಮೆರಿಕದ ಎಪಿಸ್ಕೋಪಲ್ ಪಂಗಡದ ಬೋಧಕ ಫಿಲಿಪ್ಸ್ ಬ್ರೂಕ್ಸ್. ಮರಿಯಮ್ಮನವರ ಕಂದನ ಹಾಡು ಬರೆದವರು ಆಫ್ರಿಕನ್ ಅಮೆರಿಕನ್ ಸಂಗೀತಗಾರ ಜೆಸ್ಟರ್ ಹೇರ್‌ಸ್ಟನ್. 'ವೈಟ್ ಕ್ರಿಸ್ಮಸ್' ಬರೆದ ಅರ್ವಿಂಗ್ ಬರ್ಲಿನ್ ಯೆಹೂದ್ಯ ಮನೆತನದವರು. ಇವರೆಲ್ಲರ ಹಾಡುಗಳು ಟೆಕ್ಸಸಿನ ಒಬ್ಬ ರೈತಮಹಿಳೆಯ ಮಗನ ದನಿಯಲ್ಲಿ ಒಂದೇ ತಟ್ಟೆಯ ಮೇಲೆ ಕೂಡಿಕೊಂಡವು. ಕ್ರೈಸ್ತ ಐಕ್ಯದ ಬಗ್ಗೆ ನಾವು ವಿಚಾರ ಸಂಕಿರಣಗಳನ್ನು ಏರ್ಪಡಿಸುತ್ತಿರುತ್ತೇವೆ. ಮನೆಯ ಮೂಲೆಯ ಟೇಪ್ ರೆಕಾರ್ಡರ್ ಸದ್ದಿಲ್ಲದೆ ಆ ಕೆಲಸ ಮಾಡುತ್ತಿತ್ತು.

ಈ ದನಿ ಕರಾವಳಿಗೆ ಬಂದ ದಾರಿ ಒಂದಲ್ಲ. ರೇಡಿಯೋ ಇತ್ತು, ಮುಂಬಯಿಯಲ್ಲಿ ದುಡಿಯುತ್ತಿದ್ದವರು ರಜೆಗೆ ಬರುವಾಗ ತರುತ್ತಿದ್ದ ತಟ್ಟೆಗಳಿದ್ದವು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಟೂ-ಇನ್-ಒನ್ ಜೊತೆಗೆ ಕ್ಯಾಸೆಟ್ಟುಗಳೂ ಬಂದವು. ಇಂಗ್ಲಿಷ್ ಅಷ್ಟಾಗಿ ತಿಳಿಯದವರಿಗೂ ರೀವ್ಸ್ ಅರ್ಥವಾಗುತ್ತಿದ್ದರು, ಏಕೆಂದರೆ ಪ್ರತಿಯೊಂದು ಶಬ್ದವನ್ನೂ ಬಿಡಿಸಿ, ರೇಡಿಯೋ ಉದ್ಘೋಷಕರ ಶಿಸ್ತಿನಲ್ಲಿ ಉಚ್ಚರಿಸುತ್ತಿದ್ದರು. ಭಾರತ, ಶ್ರೀಲಂಕಾ, ದಕ್ಷಿಣ ಆಫ್ರಿಕಾ, ನಾರ್ವೆ, ಇಂಗ್ಲಿಷ್ ಎರಡನೆಯ ಭಾಷೆಯಾಗಿದ್ದ ಎಷ್ಟೋ ನಾಡುಗಳಲ್ಲಿ ಅವರು ಅಷ್ಟು ಜನಪ್ರಿಯರಾಗಲು ಇದೂ ಒಂದು ಕಾರಣವಿರಬಹುದು. ಇಷ್ಟಾಗಿಯೂ, ಕೊಂಕಣಿ ಕ್ರಿಸ್ಮಸ್ ಗೀತೆಗಳು ನಮ್ಮವೇ ಇರುವಾಗ ಡಿಸೆಂಬರಿಡೀ ಕ್ಯಾಸೆಟ್ಟಿನ ಇಂಗ್ಲಿಷಿಗೆ ಒಪ್ಪಿಸಿ ಮನೆಮಂದಿ ಬಾಯಿ ಮುಚ್ಚಿ ಕೂರುವುದು ನಮಗೆ ಸರಿಕಾಣುವುದಿಲ್ಲ. ರೀವ್ಸ್ ಅವರನ್ನು ಕೇಳೋಣ, ಗೋದಲಿಯ ಮುಂದೆ ನಾವೇ ಹಾಡೋಣ.

ದಕ್ಷಿಣ ಆಫ್ರಿಕಾದಲ್ಲಿ ಅವರ ಕೀರ್ತಿ ಎಲ್ವಿಸ್ ಪ್ರೆಸ್ಲಿಯವರಿಗೂ ಸಾಟಿಯಾಗಿತ್ತು. 1962ರಲ್ಲಿ ಅಲ್ಲಿ ಪ್ರವಾಸ ಮಾಡಿದರು, 1963ರಲ್ಲಿ 'ಕಿಂಬರ್ಲಿ ಜಿಮ್' ಎಂಬ ಚಲನಚಿತ್ರದಲ್ಲಿ ನಟಿಸಲು ಮತ್ತೆ ಹೋದರು, ಆಫ್ರಿಕಾನ್ಸ್ ಭಾಷೆಯ ಹಾಡುಗಳನ್ನು ಉಚ್ಚಾರ ಕಲಿತು ಹಾಡಿದರು. ಅದು ವರ್ಣಭೇದ ನೀತಿಯ ಕರಾಳ ಕಾಲ. ಆ ಸರಕಾರ ಜನರನ್ನು ಬಣ್ಣದಿಂದ ಬೇರ್ಪಡಿಸುತ್ತಿದ್ದಾಗ ಅಲ್ಲಿ ಹೋಗಿ ಹಾಡಿದ್ದು ಸರಿಯೇ ಎಂದು ಕೇಳುವ ಹಕ್ಕು ಇಂದಿನವರಿಗಿದೆ. ಅವರ ದನಿಯನ್ನು ಅಲ್ಲಿನ ಕರಿಯರೂ ಬಿಳಿಯರೂ ಒಂದೇ ರೀತಿ ಪ್ರೀತಿಸಿದರೆಂಬುದು ನಿಜ, ಅದು ಆ ಪ್ರಶ್ನೆಗೆ ಉತ್ತರವಲ್ಲ.

1963ರಲ್ಲೇ ಐರ್ಲೆಂಡಿನ ಊರೂರಿನ ನೃತ್ಯಮಂದಿರಗಳಲ್ಲಿ ಹಾಡಲು ಹೋದಾಗ ಬೇರೊಂದು ರೀವ್ಸ್ ಕಾಣಿಸಿಕೊಂಡರು. ಎಷ್ಟೋ ಕಡೆ ಪಿಯಾನೋಗಳು ಶ್ರುತಿ ತಪ್ಪಿದ್ದವು. ಅವರು ಸಿಟ್ಟಾದರು, ಕೆಲವೆಡೆ ವೇದಿಕೆ ಬಿಟ್ಟು ನಡೆದರು. ತಟ್ಟೆಯ ಮೇಲೆ ಇಷ್ಟು ಶಾಂತವಾಗಿ ಹಾಡುವವರು ಸ್ವಭಾವದಿಂದ ಶಾಂತರಾಗಿರಬೇಕೆಂದು ನಾವು ಊಹಿಸುತ್ತೇವೆ. ರೀವ್ಸ್ ಕೆಲಸದಲ್ಲಿ ನಿಷ್ಠುರರು, ಒಮ್ಮೊಮ್ಮೆ ಮುಂಗೋಪಿ. ನಮಗೆ ಅದೇಕೋ ಅವರ ಮೇಲಿನ ಗೌರವ ಇದರಿಂದ ಕಡಿಮೆಯಾಗುವುದಿಲ್ಲ. ಶ್ರುತಿ ಕೆಟ್ಟ ಹಾರ್ಮೋನಿಯಂ ಜೊತೆ ಹಾಡಬೇಕಾಗಿ ಬಂದ ಯಾವ ಗಾಯನ ಮಂಡಳಿಯವರಿಗೂ ಆ ಸಿಟ್ಟು ಗೊತ್ತು.

ಆ ಹೊತ್ತಿಗೆ ಅವರು ವಿಮಾನ ಹಾರಿಸಲು ಕಲಿತಿದ್ದರು. ಊರೂರು ಸುತ್ತುವ ಗಾಯಕರಿಗೆ ರಾತ್ರಿಯಿಡೀ ಕಾರಿನಲ್ಲಿ ಕೂರುವುದಕ್ಕಿಂತ ಸಣ್ಣ ವಿಮಾನ ಅನುಕೂಲವೆನಿಸಿತ್ತು. 1963ರ ಮಾರ್ಚ್ 5ರಂದು ಅವರ ಸಮಕಾಲೀನ ಗಾಯಕಿ ಪ್ಯಾಟ್ಸಿ ಕ್ಲೈನ್ ಇಬ್ಬರು ಸಹಗಾಯಕರೊಡನೆ ಇಂಥದೇ ವಿಮಾನದಲ್ಲಿ ಮನೆಗೆ ಮರಳುವಾಗ ಕೆಟ್ಟ ಹವಾಮಾನದಲ್ಲಿ ಸಿಕ್ಕಿ ಮಡಿದಿದ್ದರು. ಇಡೀ ನ್ಯಾಶ್‌ವಿಲ್ ಆ ದುಃಖವನ್ನು ಕಂಡಿತ್ತು.

1964ರ ಜುಲೈ ತಿಂಗಳ ಧ್ವನಿಮುದ್ರಣದಲ್ಲಿ ಗೊತ್ತುಪಡಿಸಿದ ಹಾಡುಗಳು ಮುಗಿದ ಮೇಲೂ ಸ್ವಲ್ಪ ಸಮಯ ಉಳಿಯಿತು. ಹಣ ಕೊಟ್ಟ ಸಮಯ, ದಂಡವಾಗುವುದೇಕೆಂದು ರೀವ್ಸ್ ತಾವಾಗಿ ಇನ್ನೊಂದು ಹಾಡು ಹಾಡಿದರು, 'ಐ ಕಾಂಟ್ ಸ್ಟಾಪ್ ಲವಿಂಗ್ ಯು'. ಕಂಪನಿಯ ಸ್ಟುಡಿಯೋದಲ್ಲಿ ಅದೇ ಕೊನೆಯದು. ಜುಲೈ 31ರ ಶುಕ್ರವಾರ, ತಮ್ಮ ಪಿಯಾನೋ ವಾದಕರೂ ವ್ಯವಸ್ಥಾಪಕರೂ ಆಗಿದ್ದ ಡೀನ್ ಮ್ಯಾನ್ಯುಯೆಲ್ ಅವರೊಡನೆ ಆರ್ಕನ್ಸಾ ರಾಜ್ಯದ ಬೇಟ್ಸ್‌ವಿಲ್‌ನಿಂದ ಮನೆಯ ಕಡೆ ಹೊರಟರು. ಜಮೀನಿನ ವ್ಯವಹಾರಕ್ಕೆ ಹೋದ ಪ್ರಯಾಣ ಅದು, ಸಂಗೀತದ್ದಲ್ಲ. ಒಂದೇ ಎಂಜಿನಿನ ಬೀಚ್‌ಕ್ರಾಫ್ಟ್ ವಿಮಾನ, ನಡೆಸುತ್ತಿದ್ದವರು ರೀವ್ಸ್ ಅವರೇ. ನ್ಯಾಶ್‌ವಿಲ್ ಸಮೀಪಿಸುವಾಗ ಗುಡುಗು ಮಳೆ ಎದುರಾಯಿತು. ಮೋಡದೊಳಗೆ ಹೊಕ್ಕ ಮೇಲೆ ನೆಲ ಎಲ್ಲಿ ಆಕಾಶ ಎಲ್ಲಿ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಉಪಕರಣಗಳನ್ನಷ್ಟೇ ನಂಬಿ ಹಾರಿಸಲು ಬೇರೆಯೇ ತರಬೇತಿ ಬೇಕು. ಆ ಅರ್ಹತೆ ಅವರಿಗಿರಲಿಲ್ಲ. ನಿಯಂತ್ರಣ ಕೇಂದ್ರದೊಡನೆ ಸಂಪರ್ಕ ಕಡಿದುಹೋಯಿತು.

ಎರಡು ದಿನ ಹುಡುಕಾಟ. ಪೊಲೀಸರು, ಸ್ವಯಂಸೇವಕರು, ಅವರ ಜೊತೆ ಸಹಗಾಯಕರೂ ಒದ್ದೆ ಕಾಡಿನಲ್ಲಿ ತಿರುಗಿದರು. ಮೇರಿಯವರು ಮನೆಯಲ್ಲಿ ಕಾಯುತ್ತಿದ್ದರು. ಆಗಸ್ಟ್ 2ರ ಭಾನುವಾರ, ನಗರದ ದಕ್ಷಿಣಕ್ಕಿರುವ ಬ್ರೆಂಟ್‌ವುಡ್‌ನ ಮರಗಳ ನಡುವೆ ವಿಮಾನದ ಚೂರುಗಳೂ ಇಬ್ಬರ ಶರೀರಗಳೂ ಸಿಕ್ಕಿದವು. ರೀವ್ಸ್ ಅವರಿಗೆ 41 ತುಂಬಲು ಮೂರು ವಾರ ಉಳಿದಿತ್ತು. ದೇಹವನ್ನು ಟೆಕ್ಸಸಿನ ಕಾರ್ತೇಜ್ ಬಳಿಗೆ ತಂದು, ಹುಟ್ಟೂರಿನ ನೆಲದಲ್ಲಿ ಹೂಳಿದರು. ಅಲ್ಲಿ ಅವರ ಪೂರ್ಣ ಗಾತ್ರದ ಪ್ರತಿಮೆ ಇದೆ. ಅವರು ಸಾಕಿದ್ದ ನಾಯಿ ಶೈಯೆನ್ ಕೂಡ ಮೂರು ವರ್ಷದ ಬಳಿಕ ಅದೇ ಆವರಣದಲ್ಲಿ ಮಣ್ಣಾಯಿತು.

ದಂಪತಿಗೆ ಮಕ್ಕಳಿರಲಿಲ್ಲ. ಮೇರಿಯವರ ಕೈಯಲ್ಲಿ ಉಳಿದದ್ದು ಟೇಪುಗಳು, ಬಿಡುಗಡೆಯಾಗದ ಹಾಡುಗಳು. ಅವರು ಆತುರಪಡಲಿಲ್ಲ. ಹಳೆಯ ಹಾಡುಗಳೊಡನೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ವರ್ಷ ವರ್ಷವೂ ತಟ್ಟೆಗಳು ಬರುವಂತೆ ನೋಡಿಕೊಂಡರು. ಎಷ್ಟೆಂದರೆ ದೂರದ ನಾಡುಗಳಲ್ಲಿ ಬಹಳ ಮಂದಿಗೆ ರೀವ್ಸ್ ತೀರಿಕೊಂಡ ವಿಚಾರವೇ ಗೊತ್ತಿರಲಿಲ್ಲ. ವಿಧವೆಯೊಬ್ಬರು ಗಂಡನ ದನಿಯನ್ನು ಮಾರಿ ಬದುಕಿದರೆಂದು ಕೊಂಕು ನುಡಿದವರಿದ್ದಾರೆ. ಆ ಜಾಗ್ರತೆ ಇಲ್ಲದಿದ್ದರೆ ಎಪ್ಪತ್ತರ ದಶಕದಲ್ಲಿ ನಮ್ಮೂರ ಅಂಗಡಿಗಳಿಗೆ ಅವರ ಹಾಡುಗಳು ತಲಪುತ್ತಿದ್ದುವೋ ಇಲ್ಲವೋ. 1966ರಲ್ಲಿ 'ಡಿಸ್ಟಂಟ್ ಡ್ರಮ್ಸ್' ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು, ಗಾಯಕ ತೀರಿಕೊಂಡು ಎರಡು ವರ್ಷವಾದ ಮೇಲೆ. ಯುದ್ಧಕ್ಕೆ ಕರೆ ಬರುವ ಮೊದಲು ಮದುವೆಯಾಗೋಣ ಎನ್ನುವ ಹುಡುಗನ ಹಾಡು. ವಿಯೆಟ್ನಾಂ ಯುದ್ಧದ ದಿನಗಳಲ್ಲಿ ಅದು ಎಷ್ಟೋ ಮನೆಗಳನ್ನು ಮುಟ್ಟಿತು. ಅದನ್ನು ರೀವ್ಸ್ ಮಾರಾಟಕ್ಕೆಂದು ಹಾಡಿದ್ದೇ ಅಲ್ಲ, ಬರೆದ ಸಿಂಡಿ ವಾಕರ್ ಅವರಿಗೆ ಮಾದರಿಯಾಗಿ ಹಾಡಿಕೊಟ್ಟದ್ದು. ವಾದ್ಯಗಳನ್ನು ಆಮೇಲೆ ಸೇರಿಸಿದರು. 1967ರಲ್ಲಿ ಕಂಟ್ರಿ ಸಂಗೀತದ ಗೌರವ ಮಂದಿರಕ್ಕೆ ಅವರ ಹೆಸರು ಸೇರಿತು; ಅವರ ಬಾಲ್ಯದ ಗುರು ಜಿಮ್ಮಿ ರಾಜರ್ಸ್ ಹೆಸರು 1961ರಲ್ಲೇ ಮೊದಲ ಮೂವರಲ್ಲಿ ಒಂದಾಗಿ ಅಲ್ಲಿತ್ತು. ಮೇರಿಯವರು 1999ರಲ್ಲಿ ತೀರಿಕೊಂಡರು.

ಇನ್ನೊಂದು ಸಂಗತಿ ಉಳಿದಿದೆ. ರೀವ್ಸ್ ಮತ್ತು ಪ್ಯಾಟ್ಸಿ ಕ್ಲೈನ್ ಬದುಕಿದ್ದಾಗ ಒಟ್ಟಿಗೆ ಒಂದು ಹಾಡನ್ನೂ ಮುದ್ರಿಸಿರಲಿಲ್ಲ. ಆದರೆ 'ಹ್ಯಾವ್ ಯು ಎವರ್ ಬೀನ್ ಲೋನ್ಲಿ' ಎಂಬ ಹಳೆಯ ಹಾಡನ್ನು ಇಬ್ಬರೂ ಬೇರೆ ಬೇರೆಯಾಗಿ ಹಾಡಿದ್ದರು. 1981ರಲ್ಲಿ ಚೆಟ್ ಆಟ್ಕಿನ್ಸ್ ಮತ್ತು ಕ್ಲೈನ್ ಅವರ ಹಾಡುಗಳನ್ನು ಮುದ್ರಿಸಿದ್ದ ಓವನ್ ಬ್ರಾಡ್ಲಿ ಸೇರಿ, ಹಳೆಯ ಟೇಪುಗಳಿಂದ ಇಬ್ಬರ ದನಿಯನ್ನಷ್ಟೇ ಬೇರ್ಪಡಿಸಿ ತೆಗೆದರು. ಹೊಸದಾಗಿ ವಾದ್ಯ ನುಡಿಸಿ, ಒಂದು ಸಾಲು ಅವರದು ಒಂದು ಸಾಲು ಇವರದು ಎಂಬಂತೆ ಜೋಡಿಸಿದರು. ಒಂದೇ ಕೋಣೆಯಲ್ಲಿ ಅಕ್ಕಪಕ್ಕ ನಿಂತು ಹಾಡಿದಂತೆ ಕೇಳುತ್ತದೆ. ಸುಮಾರು ಹದಿನೇಳು ತಿಂಗಳ ಅಂತರದಲ್ಲಿ, ಅದೇ ಬಗೆಯ ಸಣ್ಣ ವಿಮಾನಗಳಲ್ಲಿ, ಅದೇ ಊರಿನ ದಾರಿಯಲ್ಲಿ ಮಡಿದ ಇಬ್ಬರು ಅವರು.